ಇತ್ರಾದ ನೆಲಮಗ್ಗ, ನಮ್ಮನೆಯ ಕುಣಿಮಗ್ಗ

(ಜುಬೈಲಿನಲ್ಲಿ ನಡೆದ ನಮ್ಮ ವೇದಿಕೆಯ 2025ರ ರಾಜ್ಯೋತ್ಸವದಲ್ಲಿ ಮಾಡಿದ ಭಾಷಣ)



ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಮೊದಲು ನಮ್ಮ ಕಾರ್ಯದರ್ಶಿ ಅಣ್ಣಾವ್ರು "ನೀನು ಎಲೆಕ್ಟ್ರಿಷಿಯನ್ ಅಲ್ಲವಾ, ಎಲೆಕ್ಟ್ರಿಕಲ್ ಸೇಫ್ಟಿ ಬಗ್ಗೆ ಮಾತಾಡು" ಅಂದಿದ್ದರು. ನಾನು ಹೇಳಿದೆ, ಅಣ್ಣಾ, ಇವರೆಲ್ಲ ವಾರಕ್ಕೆ ಆರು ದಿನ ಬೆಳಿಗ್ಗೆ ಟೂಲ್‌ಬಾಕ್ಸ್ ಮೀಟಿಂಗಿನಲ್ಲಿ ನಿಂತುಕೊಂಡು ಅದನ್ನೇ ಕೇಳ್ತಾರೆ, ರಜೆ ದಿನವೂ ಹೆಲ್ಮೆಟ್ ಹಾಕಿಸೋದು ಬೇಡ. ಅದಕ್ಕೆ ನಾವು ಒಂದು ಶುಕ್ರವಾರ ಧಹ್ರಾನಿನ ಇತ್ರಾ ನೋಡೋಕೆ ಹೋದದ್ದನ್ನ, ಅಲ್ಲಿ ಕೈಮಗ್ಗ, ಕೈಹೊಲಿಗೆ ನೋಡಿದ್ದನ್ನ ಹೇಳ್ತೀನಿ. ನಮ್ಮಲ್ಲಿ ಬಹಳ ಜನ ಇಲ್ಲಿಗೆ ಬಂದು ಎಂಟು ಹತ್ತು ವರ್ಷ ಆಯ್ತು. ಸೈಟು, ಕ್ಯಾಂಪು, ಲುಲು, ಏರ್‌ಪೋರ್ಟು ಈ ನಾಲ್ಕು ಬಿಟ್ಟು ಐದನೇ ಜಾಗ ನೋಡಿಲ್ಲ. ನಾನೂ ಅದೇ ಲೆಕ್ಕದವನೇ.

ನನ್ನ ಊರು ಇಳಕಲ್ಲು. ಹೆಸರು ಹೇಳಿದ ತಕ್ಷಣ ಹೆಂಗಸರೆಲ್ಲ ತಲೆ ಎತ್ತಿದಿರಿ, ಗೊತ್ತಾಯ್ತು. ಸೀರೆ ತರಿಸಿಕೊಡಿ ಅಂತ ಆಮೇಲೆ ಕೇಳಬೇಡಿ, ಈಗಾಗಲೇ ನನ್ನ ಫೋನಿನಲ್ಲಿ ಒಂಬತ್ತು ಆರ್ಡರ್ ಇವೆ. ನಮ್ಮ ಅಪ್ಪ ನೇಕಾರ. ಅವ್ವ ಧಾರವಾಡದ ಕಡೆಯವಳು, ಕಸೂತಿ ಕೈಯವಳು. ನಾನು ನಮ್ಮ ಜಿಲ್ಲೆಯ ಸರ್ಕಾರಿ ಐಟಿಐನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿದವನು. ಅಂದರೆ ಮನೆಯಲ್ಲಿ ಮೂರು ಜನ, ಮೂರೂ ಜನದ ಕೆಲಸ ಎಳೆಯದ್ದೇ. ಅಪ್ಪಂದು ರೇಷ್ಮೆ ಎಳೆ, ಅವ್ವಂದು ದಾರ, ನಂದು ತಾಮ್ರ.

ಜುಬೈಲಿನಿಂದ ಧಹ್ರಾನಿಗೆ ಸುಮಾರು ನೂರು ಕಿಲೋಮೀಟರ್. ಐದು ಜನ ಒಂದೇ ಕಾರಿನಲ್ಲಿ, ಪೆಟ್ರೋಲ್ ಹಂಚಿಕೊಂಡು ಹೋದ್ವಿ. ಒಬ್ಬರು ಭಟ್ಕಳದವರು, ಒಬ್ಬರು ಪುತ್ತೂರಿನವರು, ಇಬ್ಬರು ಗದಗಿನ ತಾಂಡಾದ ಹುಡುಗರು, ಮತ್ತೆ ನಾನು. ದಾರಿ ತುಂಬ ಪುತ್ತೂರಿನವರು ನನ್ನ ಮಾತು ಅಣಕಿಸಿದರು, ನಾನು ಅವರದ್ದನ್ನ ಅಣಕಿಸಿದೆ. ಕನ್ನಡ ಎಷ್ಟು ಥರ ಇದೆ ಅನ್ನೋದು ಊರಲ್ಲಿ ಇದ್ದಾಗ ತಿಳಿಯೋದಿಲ್ಲ, ಸೌದಿಯಲ್ಲಿ ಒಂದು ಕಾರಿನಲ್ಲಿ ಕೂತರೆ ತಿಳಿಯುತ್ತೆ.

ಇತ್ರಾ ಅಂದರೆ ಕಿಂಗ್ ಅಬ್ದುಲಜೀಜ್ ವಿಶ್ವ ಸಂಸ್ಕೃತಿ ಕೇಂದ್ರ. ಅರಾಮ್ಕೊ ಕಟ್ಟಿಸಿದ್ದು. ಡಿಸೈನ್ ಮಾಡಿದ್ದು ನಾರ್ವೆಯ ಸ್ನೋಹೆಟ್ಟಾ ಅನ್ನೋ ಕಂಪನಿ. 2016ರಲ್ಲಿ ರಾಜ ಸಲ್ಮಾನ್ ಉದ್ಘಾಟನೆ ಮಾಡಿದರು, ಸಾರ್ವಜನಿಕರಿಗೆ ಪೂರ್ತಿ ತೆರೆದದ್ದು 2018ರಲ್ಲಿ. ಪಕ್ಕದಲ್ಲೇ ದಮ್ಮಾಮ್ ಏಳನೇ ನಂಬರ್ ಬಾವಿ ಇದೆ. 1938ರ ಮಾರ್ಚಿನಲ್ಲಿ ಈ ದೇಶದಲ್ಲಿ ವ್ಯಾಪಾರಕ್ಕೆ ಸಾಕಾಗುವಷ್ಟು ಎಣ್ಣೆ ಮೊದಲು ಸಿಕ್ಕಿದ್ದು ಆ ಬಾವಿಯಲ್ಲೇ. ನಾವು ಜುಬೈಲಿನಲ್ಲಿ ತಿನ್ನೋ ಅನ್ನದ ಮೂಲ ಅಲ್ಲಿದೆ ಅನ್ನಿ.

ಕಟ್ಟಡ ನೋಡಿದರೆ ದೊಡ್ಡ ದೊಡ್ಡ ಬೆಣಚುಕಲ್ಲು ಒಂದಕ್ಕೊಂದು ಒರಗಿಸಿ ಇಟ್ಟ ಹಾಗಿದೆ. ಆ ಕಲ್ಲುಗಳ ಮೈತುಂಬ ಸ್ಟೇನ್‌ಲೆಸ್ ಸ್ಟೀಲ್ ಪೈಪು, ಒಂದರ ಪಕ್ಕ ಒಂದು, ಒಂದರ ಪಕ್ಕ ಒಂದು. ಒಟ್ಟು ಉದ್ದ ಸುಮಾರು 350 ಕಿಲೋಮೀಟರ್ ಅಂತೆ. ನಮ್ಮ ಜೊತೆ ಬಂದ ಗದಗಿನ ಹುಡುಗ ಪೈಪ್ ಫಿಟರ್. ಅವನು ಒಳಗೆ ಬರೋದು ಬಿಟ್ಟು ಗೋಡೆ ಹತ್ತಿರ ನಿಂತು ಪೈಪಿನ ಬಾಗು ನೋಡ್ತಾ ನಿಂತ. "ಅಣ್ಣಾ, ಎಲ್ಲಾ ಪೈಪ್ ಬ್ಯಾರೆ ಬ್ಯಾರೆ ಬಗ್ಗ್ಯಾವ" ಅಂದ. ಹೊರಗಿನ ಗೋಡೆಯೇ ಅವನಿಗೆ ಮ್ಯೂಸಿಯಂ ಆಯ್ತು. ಎಳಕೊಂಡು ಒಳಗೆ ಹೋಗಬೇಕಾಯ್ತು.

ಒಳಗೆ ಚಿತ್ರಕಲೆ, ಹಳೇ ಕಾಲದ ಪಾತ್ರೆ, ಮರುಭೂಮಿಯ ಪ್ರಾಣಿಗಳು, ಲೈಬ್ರರಿ ಎಲ್ಲಾ ಇದೆ. ಅದನ್ನೆಲ್ಲ ನಾನು ವಿವರಿಸೋಕೆ ಹೋಗೋದಿಲ್ಲ, ನೀವೇ ಹೋಗಿ ನೋಡಿ. ಈ 2025ನೇ ಇಸವಿಯನ್ನ ಸೌದಿಯ ಸಂಸ್ಕೃತಿ ಇಲಾಖೆ ಕರಕುಶಲ ವರ್ಷ ಅಂತ ಘೋಷಿಸಿದೆ, ಅದು ನಿಮಗೆ ಗೊತ್ತಿರಬಹುದು. ನಾವು ಹೋದ ದಿನ ಒಂದು ಕಡೆ ಕೈಕೆಲಸದವರು ಕೂತು ಕೆಲಸ ಮಾಡಿ ತೋರಿಸ್ತಾ ಇದ್ದರು. ಅಲ್ಲಿ ಒಬ್ಬ ವಯಸ್ಸಾದ ಹೆಂಗಸು, ಮುಖ ಮುಚ್ಚಿಕೊಂಡು, ನೆಲದ ಮೇಲೆ ಕೂತು ನೇಯ್ತಾ ಇದ್ದರು. ನಾನು ಅಲ್ಲಿಗೆ ನಿಂತವನು ಒಂದು ಗಂಟೆ ಕದಲಲಿಲ್ಲ.

ಆ ನೇಯ್ಗೆಯ ಹೆಸರು ಸದು. ಬೆದೂಯಿನ್ ಹೆಂಗಸರ ಕೆಲಸ. ಕುರಿ ಉಣ್ಣೆ, ಒಂಟೆ ಕೂದಲು, ಮೇಕೆ ಕೂದಲು, ಇವುಗಳನ್ನ ಕೈಯಲ್ಲಿ ಕದಿರಿನಿಂದ ನೂಲು ಮಾಡಿ ನೇಯೋದು. ಮಗ್ಗ ಅಂದರೆ ನಾಲ್ಕು ಗೂಟ, ಎರಡು ಕೋಲು, ಅಷ್ಟೇ. ಗೂಟ ನೆಲಕ್ಕೆ ಹೊಡೆದು, ಎರಡು ಕೋಲಿನ ನಡುವೆ ಹಾಸು ಎಳೆದು ಬಿಗಿಯೋದು. ಗೂಟ ಕಿತ್ತು ಸುತ್ತಿದರೆ ಇಡೀ ಮಗ್ಗ ಒಂಟೆ ಮೇಲೆ ಹೋಗುತ್ತೆ. ಗುಡಾರ ಹೊಡೆದಲ್ಲಿ ಮತ್ತೆ ಹೊಡೆದರೆ ಆಯ್ತು. ನೇಯ್ಗೆ ಬಿಗಿ ಮಾಡೋಕೆ ಜಿಂಕೆಯ ಕೊಂಬು. ಹೌದು, ಕೊಂಬಿನ ಚೂಪು ತುದಿಯಿಂದ ಎಳೆ ಎಳೆಯಾಗಿ ಹೊಕ್ಕನ್ನ ಕೆಳಗೆ ಎಳೆಯೋದು. ಬಣ್ಣ ಹೆಚ್ಚಾಗಿ ಕೆಂಪು, ಕಪ್ಪು, ಬಿಳಿ. ಮೇಲೆ ಕಾಣೋದೆಲ್ಲ ಹಾಸಿನ ಎಳೆ, ಹೊಕ್ಕು ಒಳಗೆ ಮುಚ್ಚಿಹೋಗುತ್ತೆ. ನಡುವೆ ಬರೋ ದೊಡ್ಡ ಚಿತ್ತಾರಕ್ಕೆ ಶಜರಾ ಅಂತಾರೆ, ಅಂದರೆ ಮರ. ಅದೇ ಎಲ್ಲಕ್ಕಿಂತ ಕಷ್ಟದ್ದು, ಯಾವ ಎಳೆ ಎತ್ತಬೇಕು, ಯಾವುದು ಬಿಡಬೇಕು ಅಂತ ಲೆಕ್ಕ ಇಟ್ಟು ಬೆರಳಲ್ಲೇ ಆರಿಸಬೇಕು. ಬರೆದಿಟ್ಟ ನಕ್ಷೆ ಇಲ್ಲ. ತಾಯಿ ಕೈ ನೋಡಿ ಮಗಳು ಕಲೀಬೇಕು.

ಇವರ ಕಪ್ಪು ಗುಡಾರದ ಬಟ್ಟೆಯೂ ಹೀಗೇ ಕೂದಲಲ್ಲಿ ನೇಯ್ದದ್ದು. ಮಗ್ಗದ ಅಗಲ ಕಡಿಮೆ, ಅದಕ್ಕೆ ಉದ್ದುದ್ದ ಪಟ್ಟಿ ನೇಯ್ದು ಅಕ್ಕಪಕ್ಕ ಹೊಲೀತಾರೆ. ಮಳೆ ಬಿದ್ದರೆ ಮೇಕೆ ಕೂದಲು ನೀರು ಕುಡಿದು ಉಬ್ಬಿ, ತೂತೆಲ್ಲ ಮುಚ್ಚಿಕೊಂಡು, ನೀರು ಒಳಗೆ ಸೋರೋದಿಲ್ಲ. ಬಿಸಿಲಲ್ಲಿ ಒಣಗಿದರೆ ತೂತು ಬಿಟ್ಟುಕೊಂಡು ಗಾಳಿ ಆಡುತ್ತೆ. ಕೇಬಲ್ ಗ್ಲ್ಯಾಂಡಿನೊಳಗೆ ನೀರು ನುಗ್ಗಬಾರದು ಅಂತ ನಾವು ಎಷ್ಟು ರಬ್ಬರು, ಎಷ್ಟು ಸೀಲೆಂಟು ಹಾಕ್ತೀವಿ, ಇವರು ಮೇಕೆ ಕೂದಲಲ್ಲೇ ಮುಗಿಸಿಬಿಟ್ಟಿದ್ದಾರೆ.

2020ರಲ್ಲಿ ಸೌದಿ ಮತ್ತು ಕುವೈತ್ ಎರಡೂ ದೇಶದ ಹೆಸರಲ್ಲಿ ಸದು ನೇಯ್ಗೆ ಯುನೆಸ್ಕೋ ಪಟ್ಟಿಗೆ ಸೇರಿತು. ಕುವೈತ್ ನಗರದಲ್ಲಿ ಸದು ಹೌಸ್ ಅಂತಲೇ ಒಂದು ಮನೆ ಇದೆ, ಮ್ಯೂಸಿಯಂ ಥರ. ಅಲ್ಲಿ ಕೆಲಸ ಮಾಡೋ ಸಂಬಂಧಿಕರಿದ್ದರೆ ನೋಡಿ ಬರೋಕೆ ಹೇಳಿ.

ನಾನು ಅಷ್ಟು ಹೊತ್ತು ನಿಂತದ್ದು ನೋಡಿ ಆ ಅಮ್ಮನೇ ಏನೋ ಕೇಳಿದರು. ನನ್ನ ಅರಬ್ಬಿ ಅಂದರೆ ಸೈಟಿನ ಅರಬ್ಬಿ: ಯಲ್ಲಾ, ಖಲಾಸ್, ಮಾಫಿ, ಬುಕ್ರಾ. ಅದರಲ್ಲಿ ಮಗ್ಗದ ಮಾತು ಹೇಗೆ ಆಡೋದು? ಭಟ್ಕಳದ ಅಣ್ಣ ಚೆನ್ನಾಗಿ ಮಾತಾಡ್ತಾರೆ, ಅವರೇ ನಡುವೆ ನಿಂತರು. ನನ್ನ ಅಪ್ಪ ನೇಕಾರರು ಅಂತ ಹೇಳಿಸಿದೆ. ಆ ಅಮ್ಮ ಕೈ ನಿಲ್ಲಿಸಿ ನೋಡಿದರು. "ನಿಮ್ಮಲ್ಲಿ ಗಂಡಸರು ನೇಯ್ತಾರಾ?" ಅಂತ ಕೇಳಿದರು. ಹೌದು, ಅಪ್ಪ ನೇಯ್ತಾರೆ, ಅವ್ವ ಕಂಡಿಕೆ ಸುತ್ತಾಳೆ ಅಂದೆ. ಅವರು ಮುಸುಕಿನೊಳಗೇ ನಕ್ಕರು, ಕಣ್ಣಲ್ಲಿ ಗೊತ್ತಾಯ್ತು. ಎಷ್ಟು ದಿನಕ್ಕೆ ಒಂದು ಸೀರೆ ಅಂತ ಕೇಳಿದರು. ಹೇಳಿದೆ. ಎಷ್ಟು ರಿಯಾಲು ಸಿಗುತ್ತೆ ಅಂತ ಕೇಳಿದರು. ಅದನ್ನೂ ರಿಯಾಲಿಗೆ ಪರಿವರ್ತಿಸಿ ಹೇಳಿದೆ. ಆಗ ಅವರು ನಗಲಿಲ್ಲ. ಭಟ್ಕಳದ ಅಣ್ಣ ಕನ್ನಡದಲ್ಲಿ ನನಗೆ ಮೆಲ್ಲಗೆ, "ನಿನ್ನ ಅಪ್ಪ ಒಂದು ವಾರ ಕೂತದ್ದಕ್ಕೆ ನಮ್ಮ ಇವತ್ತಿನ ಪೆಟ್ರೋಲ್ ಬರ್ತದಲ್ಲ ಮಾರಾಯ" ಅಂದರು. ಸ್ವಲ್ಪ ಹೆಚ್ಚೇ ಬರುತ್ತೆ, ಆದರೆ ಬಹಳ ಹೆಚ್ಚೇನಲ್ಲ.

ಆಗಲೇ ನಾನು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಇಲ್ಲಿ ಸಂಜೆ ಐದು ಅಂದರೆ ಅಲ್ಲಿ ಏಳೂವರೆ, ಮಗ್ಗ ನಿಲ್ಲಿಸಿ ಎದ್ದಿರ್ತಾರೆ. ಫೋನ್ ತಿರುಗಿಸಿ ನೆಲಮಗ್ಗ ತೋರಿಸಿದೆ. ಅಪ್ಪ ಕನ್ನಡಕ ಏರಿಸಿಕೊಂಡು ನೋಡಿದರು.

"ಇವರಿಗೆ ಕುಣಿ ಇಲ್ಲೇನೋ?"

"ಇಲ್ಲಪ್ಪ, ನೆಲದ ಮ್ಯಾಲೇ."

"ಹಂಗಾರ ಕಾಲ ಎಲ್ಲಿ ಇಡ್ತಾರ? ಮಂಡಿ ನೋವು ಬರತೈತಿ ಅವರಿಗೆ. ಹೇಳು."

ಯುನೆಸ್ಕೋ, ಮ್ಯೂಸಿಯಂ, 350 ಕಿಲೋಮೀಟರ್ ಪೈಪು, ಇದಾವುದೂ ನಮ್ಮಪ್ಪನಿಗೆ ಬೇಕಾಗಿರಲಿಲ್ಲ. ಆ ಅಮ್ಮನ ಮಂಡಿ ಕಂಡಿತು. ಭಟ್ಕಳದ ಅಣ್ಣ ಅದನ್ನ ಅರಬ್ಬಿಯಲ್ಲಿ ಹೇಳಿದಾಗ ಆ ಅಮ್ಮ ಮಂಡಿ ತಟ್ಟಿ ತೋರಿಸಿ ಏನೋ ಉದ್ದವಾಗಿ ಹೇಳಿದರು. ನೋವು ಇದೆ, ಬಹಳ ವರ್ಷದಿಂದ ಇದೆ, ನಿಮ್ಮ ತಂದೆಗೆ ಸಲಾಂ ಹೇಳಿ ಅಂತ ಅರ್ಥ.

ಕುಣಿ ಅಂದರೇನು ಅಂತ ಮಂಗಳೂರಿನವರಿಗೆ, ಮೈಸೂರಿನವರಿಗೆ ಹೇಳಬೇಕು. ನಮ್ಮ ಇಳಕಲ್ಲಿನ ಹಳೇ ಮಗ್ಗ ಕುಣಿಮಗ್ಗ. ಮನೆಯೊಳಗೆ ನೆಲದಲ್ಲೇ ಒಂದು ಗುಂಡಿ ತೋಡಿರ್ತಾರೆ. ನೇಕಾರ ನೆಲದ ಮಟ್ಟಕ್ಕೆ ಕೂತು ಕಾಲು ಕುಣಿಯೊಳಗೆ ಇಳಿಬಿಟ್ಟು, ಒಳಗಿರೋ ಹಲಗೆ ತುಳೀತಾನೆ. ತುಳಿದಾಗ ಹಾಸಿನ ಎಳೆ ಮೇಲೆ ಕೆಳಗೆ ಬಾಯಿ ಬಿಡುತ್ತೆ, ಅದರೊಳಗೆ ಲಾಳಿ ಓಡುತ್ತೆ. ಕುಣಿಯ ತೇವಕ್ಕೆ ನೂಲು ಬಿರುಸಾಗೋದಿಲ್ಲ, ತುಂಡಾಗೋದು ಕಡಿಮೆ. ಆದರೆ ಮಳೆಗಾಲದಲ್ಲಿ ಅದೇ ಕುಣಿಯಲ್ಲಿ ನೀರು ಜಿನುಗುತ್ತೆ. ನಾನು ಹುಡುಗ ಇದ್ದಾಗ ಚೊಂಬಿನಲ್ಲಿ ನೀರು ಎತ್ತಿ ಹಾಕೋದು ನನ್ನ ಕೆಲಸ.

ಇಳಕಲ್ ಸೀರೆಯಲ್ಲಿ ಒಂದು ಕೈಚಳಕ ಇದೆ, ಎಲೆಕ್ಟ್ರಿಷಿಯನ್ನರು ಕಿವಿಗೊಟ್ಟು ಕೇಳಬೇಕು. ಮೈ ಹತ್ತಿ, ಸೆರಗು ರೇಷ್ಮೆ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ ಮಾಡಿ, ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸ್ತಾರೆ. ಇದರ ಎಳೆಯ ಕುಣಿಕೆಯೊಳಗೆ ಅದರ ಎಳೆಯ ಕುಣಿಕೆ. ಒಂದು ಸೀರೆಗೆ ಸಾವಿರಾರು ಕೊಂಡಿ. ಅದಕ್ಕೇ ಒಂದು ಸೀರೆಗೆ ಒಂದು ಹಾಸು, ಅದು ಮುಗಿದರೆ ಮತ್ತೆ ಹೊಸ ಹಾಸು, ಮತ್ತೆ ಕೊಂಡಿ. ನಾವು ಐಟಿಐ ಮೊದಲನೇ ವರ್ಷ ಬ್ರಿಟಾನಿಯಾ ಜಾಯಿಂಟ್, ಮ್ಯಾರೀಡ್ ಜಾಯಿಂಟ್, ವೆಸ್ಟರ್ನ್ ಯೂನಿಯನ್ ಜಾಯಿಂಟ್ ಅಂತ ತಾಮ್ರದ ತಂತಿ ತಿರುವಿ ತಿರುವಿ ಬೆರಳು ಕುಯ್ದುಕೊಂಡು ಕಲಿತದ್ದು ನೆನಪಿದೆಯಲ್ಲ? ನಾನು ಮಾಡಿದ ಜಾಯಿಂಟನ್ನ ಮನೆಗೆ ತಗೊಂಡು ಹೋಗಿ ಅವ್ವನಿಗೆ ತೋರಿಸಿದ್ದೆ. ಅವ್ವ ಎರಡೂ ಕಡೆ ಹಿಡಿದು ಜಗ್ಗಿ ನೋಡಿ "ಗಟ್ಟಿ ಐತಿ, ಆದ್ರ ದಪ್ಪ ಆತು" ಅಂದಳು. ಕೊಂಡಿ ಹಾಕಿದ ಜಾಗ ಬೆರಳಿಗೆ ಹತ್ತಬಾರದು, ಅದು ಅವಳ ಲೆಕ್ಕ. ಆ ಸೆರಗಿಗೆ ತೋಪು ತೆನಿ ಸೆರಗು ಅಂತಾರೆ, ಕೆಂಪು ರೇಷ್ಮೆ ಮೇಲೆ ಬಿಳಿ ತೋಪು, ಜೋಳದ ತೆನೆಯ ಹಾಗೆ.

ಈಗ ಕಸೂತಿ. ಅವ್ವ ಮದುವೆಯಾಗಿ ಬಂದಾಗ ತಂದದ್ದು ಒಂದು ಚಂದ್ರಕಾಳಿ ಸೀರೆ, ಅಂದರೆ ಕರಿ ಸೀರೆ, ಅದರ ಸೆರಗು, ಅಂಚಿನ ಹತ್ತಿರವೆಲ್ಲ ಅವಳೇ ಹಾಕಿದ ಕಸೂತಿ. ಗೋಪುರ, ತೇರು, ಅಂಬಾರಿ ಆನೆ, ತುಳಸಿಕಟ್ಟೆ, ನವಿಲು, ತೊಟ್ಟಿಲು. ಬಟ್ಟೆ ಮೇಲೆ ಪೆನ್ಸಿಲ್ ಗುರುತು ಹಾಕೋ ಹಾಗಿಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚಬೇಕು. ಹೊಲಿಗೆ ನಾಲ್ಕು ಥರ: ಗವಂತಿ, ಮುರಗಿ, ನೇಯ್ಗಿ, ಮೆಂತಿ. ಮೆಂತಿ ಅಂದರೆ ಮೆಂತ್ಯ ಕಾಳಿನ ಹಾಗೆ ಅಡ್ಡ ಅಡ್ಡ ಹೊಲಿಗೆ. ನೇಯ್ಗಿ ನೇಯ್ದ ಹಾಗೇ ಕಾಣುತ್ತೆ. ಮುರಗಿ ಮೆಟ್ಟಿಲು ಮೆಟ್ಟಿಲು. ನನಗೆ ಇಷ್ಟ ಗವಂತಿ.

ಗವಂತಿಯಲ್ಲಿ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ನಡುವೆ ಜಾಗ ಖಾಲಿ ಬಿಟ್ಟುಕೊಂಡು ಹೋಗ್ತಾ ಇರಬೇಕು. ಚಿತ್ತಾರದ ತುದಿ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ವಾಪಸ್ ಬರ್ತಾ, ಬಿಟ್ಟ ಜಾಗವನ್ನೆಲ್ಲ ತುಂಬಬೇಕು. ಹೊರಟ ಜಾಗಕ್ಕೇ ಬಂದು ಮುಗಿಯಬೇಕು. ಗಂಟು ಹಾಕೋ ಹಾಗಿಲ್ಲ. ಮುಗಿದ ಮೇಲೆ ಬಟ್ಟೆ ತಿರುಗಿಸಿ ನೋಡಿದರೆ ಹಿಂದೂ ಮುಂದೂ ಒಂದೇ. ಯಾವುದು ಮೇಲ್ಮೈ ಅಂತ ಹೇಳೋಕಾಗೋದಿಲ್ಲ. ಯೋಚನೆ ಮಾಡಿ ನೋಡಿ, ನಮ್ಮ ಸರ್ಕ್ಯೂಟೂ ಅದೇ ತಾನೇ? ಫೇಸ್ ಹೋಗುತ್ತೆ, ನ್ಯೂಟ್ರಲ್ ವಾಪಸ್ ಬರುತ್ತೆ, ದಾರಿ ಪೂರ್ತಿಯಾಗದಿದ್ದರೆ ಬಲ್ಬು ಹತ್ತೋದಿಲ್ಲ. ತೇರಿಗೆ ಕಳಸ, ಕಳಸಕ್ಕೆ ಧ್ವಜ ಅಂತ ಎಷ್ಟು ಕೊಂಬೆ ಒಡೆದರೂ ಪ್ರತಿ ಕೊಂಬೆಗೂ ಹೋಗಿ ಬಂದು, ಎಲ್ಲೂ ಸಿಕ್ಕಿಕೊಳ್ಳದೆ ಹೊರಬರೋ ದಾರಿ ಮೊದಲೇ ತಲೆಯಲ್ಲಿರಬೇಕು. ಅವ್ವ ನಾಲ್ಕನೇ ಇಯತ್ತೆ ಓದಿದವಳು. ಡ್ರಾಯಿಂಗ್ ಇಲ್ಲದೆ ಕೆಲಸ ಮಾಡಲ್ಲ ಅನ್ನೋ ಇಂಜಿನಿಯರುಗಳನ್ನ ನಾನು ದಿನಾ ನೋಡ್ತೀನಿ, ಅವರ ಬಗ್ಗೆ ಇಲ್ಲಿ ಹೆಚ್ಚು ಮಾತಾಡೋದಿಲ್ಲ, ಇಬ್ಬರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ಪ್ಯಾನೆಲ್ ಬೋರ್ಡಿನ ಮುಂಭಾಗ ಯಾರು ಬೇಕಾದರೂ ಚಂದ ಮಾಡ್ತಾರೆ. ಹಿಂದಿನ ಕವರ್ ಬಿಚ್ಚಿದಾಗ ಕೇಬಲ್ ಡ್ರೆಸ್ಸಿಂಗ್ ಹೇಗಿದೆ ಅಂತ ನೋಡೋ ಫೋರ್‌ಮನ್ ನನಗೆ ಮೊದಲ ಕಂಪನಿಯಲ್ಲಿ ಸಿಕ್ಕಿದ್ದರು. ಅವರ ಹತ್ತಿರ ಬೈಸಿಕೊಳ್ಳದೆ ಉಳಿದ ಒಬ್ಬನೇ ಹೆಲ್ಪರ್ ನಾನು. ಕಾರಣ ಅವ್ವ. ಅವಳು ಸೀರೆ ತಿರುಗಿಸಿ ಹಿಂಭಾಗ ನೋಡಿಯೇ ಕೆಲಸದವರ ಯೋಗ್ಯತೆ ಹೇಳ್ತಿದ್ದಳು.

ಮ್ಯೂಸಿಯಮ್ಮಿನಲ್ಲಿ ಇನ್ನೊಂದು ನೋಡಿದ್ದು ಬಿಷ್ತ್. ಇಲ್ಲಿನ ದೊಡ್ಡವರು ತೋಬಿನ ಮೇಲೆ ಹೆಗಲಿಗೆ ಹಾಕೋ ನಿಲುವಂಗಿ, ಜರಿ ಅಂಚು ಇರುತ್ತಲ್ಲ, ಅದು. 2022ರ ವಿಶ್ವಕಪ್ ಫೈನಲ್ ಆದ ಮೇಲೆ ಕತಾರಿನ ಅಮೀರ್ ಮೆಸ್ಸಿಗೆ ಹೊದಿಸಿದ್ದು ಅದೇ. ಆ ರಾತ್ರಿ ನಮ್ಮ ಕ್ಯಾಂಪಿನ ಟೀವಿ ರೂಮಿನಲ್ಲಿ "ಇದ್ಯಾಕೆ ನೈಟಿ ಹಾಕಿದರು" ಅಂದವರು ಯಾರು ಅಂತ ನಾನು ಹೇಳೋದಿಲ್ಲ. ಇದಕ್ಕೆ ಪ್ರಸಿದ್ಧಿ ನಮ್ಮದೇ ಪೂರ್ವ ಪ್ರಾಂತ್ಯದ ಅಲ್ ಅಹ್ಸಾ, ಹೊಫೂಫ್ ಊರು. ಕರಕುಶಲ ಮತ್ತು ಜಾನಪದ ಕಲೆಗೆ ಯುನೆಸ್ಕೋ ಅಲ್ ಅಹ್ಸಾವನ್ನ 2015ರಲ್ಲೇ ಸೃಜನಶೀಲ ನಗರ ಅಂತ ಸೇರಿಸಿದೆ. ಕೊರಳಪಟ್ಟಿಯ ಜರಿ ಕೆಲಸ ಪೂರ್ತಿ ಕೈಯದ್ದು, ಹಂತ ಹಂತಕ್ಕೆ ಬೇರೆ ಬೇರೆ ಕೈ. ಕೊನೆಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಜರಿಯನ್ನ ಚಪ್ಪಟೆ ಮಾಡಿ ಹೊಳಪು ತರ್ತಾರೆ. ಅರಬ್ಬಿಯವರೂ ಅದನ್ನ ಜರಿ ಅಂತಲೇ ಅನ್ನೋದು! ಪಾರ್ಸಿಯಲ್ಲಿ ಜರ್ ಅಂದರೆ ಚಿನ್ನ, ಅಲ್ಲಿಂದ ನಮಗೂ ಬಂತು ಅವರಿಗೂ ಬಂತು. ಅಸಲಿ ಜರಿ ಅಂದರೆ ಬೆಳ್ಳಿಯನ್ನ ಅಚ್ಚಿನ ತೂತಿನಲ್ಲಿ ಎಳೆದೆಳೆದು ಕೂದಲಿನಷ್ಟು ತೆಳ್ಳಗೆ ತಂತಿ ಮಾಡಿ, ಚಪ್ಪಟೆ ಮಾಡಿ, ರೇಷ್ಮೆ ದಾರಕ್ಕೆ ಸುತ್ತಿ, ಚಿನ್ನದ ನೀರು ಕುಡಿಸೋದು. ನಮ್ಮ ತಾಮ್ರದ ತಂತಿಯನ್ನ ಫ್ಯಾಕ್ಟರಿಯಲ್ಲಿ ಎಳೆಯೋದೂ ಹಾಗೇ, ಅಚ್ಚಿನ ತೂತಿನಲ್ಲೇ.

ಭಟ್ಕಳದ ಅಣ್ಣ ಉಮ್ರಾಕ್ಕೆ ಹೋದವರು. ಅವರು ಆಗ ಕಾಬಾದ ಮೇಲಿನ ಕಿಸ್ವಾ ಬಗ್ಗೆ ಹೇಳಿದರು. ಕಪ್ಪು ರೇಷ್ಮೆ, ಮೇಲೆ ಚಿನ್ನ ಬೆಳ್ಳಿ ತಂತಿಯಲ್ಲಿ ಕೈಯಿಂದ ಹೊಲಿದ ಅಕ್ಷರ, ವರ್ಷಕ್ಕೊಮ್ಮೆ ಹೊಸದು. ಅದಕ್ಕೆ ಮಕ್ಕಾದಲ್ಲಿ ಒಂದು ಕಾರ್ಖಾನೆಯೇ ಇದೆ. ರೇಷ್ಮೆಯೇ ನೂರಾರು ಕಿಲೋ ಬೇಕಂತೆ. ಹೊಲಿಯೋವಾಗ ಒಳಗೆ ದಾರ ತುಂಬಿ ಅಕ್ಷರ ಉಬ್ಬಿಸ್ತಾರೆ, ಹತ್ತಿರ ಹೋದರೆ ಕೈಗೆ ಸಿಗೋ ಹಾಗೆ ಎದ್ದು ನಿಂತಿರುತ್ತೆ ಅಂತ ಹೇಳುವಾಗ ಅವರ ದನಿಯೇ ಬೇರೆ ಆಗಿತ್ತು. ನಾವೆಲ್ಲ ಸುಮ್ಮನೆ ಕೇಳಿದ್ವಿ.

ಗದಗಿನ ಹುಡುಗರು ಮಾತ್ರ "ನಮ್ಮ ತಾಂಡಾದ ಕಸೂತಿ ಇಲ್ಲ್ಯಾಕಿಲ್ಲ?" ಅಂತ ಜಗಳಕ್ಕೆ ನಿಂತರು. ಪ್ರಶ್ನೆ ಸರಿ. ಲಂಬಾಣಿ ಹೊಲಿಗೆಗೆ ಕನ್ನಡಿ, ಕವಡೆ, ನಾಣ್ಯ ಸೇರಿದರೆ ಯಾವ ಮ್ಯೂಸಿಯಮ್ಮಿನ ಲೈಟೂ ಬೇಕಾಗಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ಆದಾಗ ಸಂಡೂರಿನ ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರ ಕೈಯಿಂದ ಬಂದ 1755 ತುಣುಕುಗಳನ್ನ ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆ ಆಯ್ತು. ಅದನ್ನ ಫೋನಿನಲ್ಲಿ ತೆಗೆದು ಅಲ್ಲಿದ್ದ ನೇಪಾಳಿ ಸೆಕ್ಯುರಿಟಿಯವನಿಗೂ ತೋರಿಸಿ, ಒಪ್ಪಿಸಿಯೇ ಹೊರಗೆ ಬಂದರು. ಕಸೂತಿಗೂ ಜಿಐ ಇದೆ, ಇಳಕಲ್ ಸೀರೆಗೂ ಇದೆ.

ಟ್ಯಾಗ್ ಇದ್ದರೆ ಕೂಲಿ ಹೆಚ್ಚಾಗುತ್ತೆ ಅಂತ ಯಾರಾದರೂ ಅಂದುಕೊಂಡಿದ್ದರೆ ನಮ್ಮನೆಗೆ ಬನ್ನಿ. ಅಪ್ಪನಿಗೆ ನೂಲು ಕೊಡೋರು ಒಬ್ಬ ಸಾಹುಕಾರರು. ನೂಲು ಅವರದ್ದು, ಸೀರೆ ಅವರದ್ದು, ಅಪ್ಪನದ್ದು ಕೂಲಿ. ಅವ್ವನ ಕೆಲಸಕ್ಕೆ ಅದೂ ಇಲ್ಲ. ಕಂಡಿಕೆ ಸುತ್ತೋದು, ಕೊಂಡಿ ಹಾಕೋದು ಎಲ್ಲ ಅಪ್ಪನ ಕೂಲಿಯ ಒಳಗೇ ಬಂತು. ಕಸೂತಿಗೆ ಮಾತ್ರ ಚೂರು ಹಣ ಬೇರೆ, ಅದೂ ನಡುವಿನವರ ಕೈ ದಾಟಿ. ಪಕ್ಕದ ಪವರ್‌ಲೂಮಿನಲ್ಲಿ ನೋಡೋಕೆ ಅದೇ ಥರದ ಸೀರೆ ಬಹಳ ಅಗ್ಗಕ್ಕೆ ಬರುತ್ತೆ. ತಗೊಳ್ಳೋರಿಗೆ ಕೊಂಡಿ ಇದೆಯಾ ಇಲ್ಲವಾ ಅಂತ ತಿರುಗಿಸಿ ನೋಡೋಕೆ ಪುರುಸೊತ್ತಿಲ್ಲ.

ನನ್ನ ಪಕ್ಕದ ಬೆಡ್ಡಿನ ತೆಲುಗು ಗೆಳೆಯ ನರಸಾಪುರದ ಕಡೆಯವನು, ಗೋದಾವರಿ ದಂಡೆ. ಇತ್ರಾದ ಫೋಟೋ ತೋರಿಸಿದಾಗ ಅವನು ಹೇಳಿದ್ದು: ಅವರ ಊರಲ್ಲಿ ಮನೆ ಮನೆಯಲ್ಲೂ ಹೆಂಗಸರು ಕ್ರೋಶ ಸೂಜಿಯಲ್ಲಿ ಲೇಸ್ ಹೆಣೀತಾರೆ. 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ್ದು, ಆಮೇಲೆ ವಿದೇಶಕ್ಕೆಲ್ಲ ರಫ್ತಾಯ್ತು. 2024ರಲ್ಲಿ ಅದಕ್ಕೂ ಜಿಐ ಬಂತು. ಆ ಲೇಸಿನ ಹೆಂಗಸರ ಬಗ್ಗೆ ಮಾರಿಯಾ ಮೀಸ್ ಅನ್ನೋ ಜರ್ಮನ್ ವಿದುಷಿ 1982ರಲ್ಲೇ ಒಂದು ಪುಸ್ತಕ ಬರೆದಿದ್ದಾರೆ. ಅದರ ಸಾರಾಂಶ ಒಬ್ಬರು ನನಗೆ ಹೇಳಿದರು. ದಿನಕ್ಕೆ ಆರೆಂಟು ಗಂಟೆ ಹೆಣೆದು ರಫ್ತಿನ ಮಾಲು ತಯಾರು ಮಾಡೋ ಹೆಂಗಸನ್ನ ಎಲ್ಲರೂ "ಮನೆಯಲ್ಲೇ ಇರ್ತಾಳೆ, ಬಿಡುವಿನಲ್ಲಿ ಹೆಣೀತಾಳೆ" ಅಂತ ಲೆಕ್ಕ ಹಾಕೋದರಿಂದಲೇ ಕೂಲಿ ಅಷ್ಟು ಕಡಿಮೆ ಅಂತ. ನನ್ನ ಇಕಾಮಾದಲ್ಲಿ ವೃತ್ತಿ ಅಂತ ಒಂದು ಸಾಲಿದೆ, ಕೆಲಸದ ಹೆಸರು ಬರೆದಿದೆ. ಅವ್ವನ ರೇಷನ್ ಕಾರ್ಡಿನಲ್ಲಿ ನೋಡಿ, ಗೃಹಿಣಿ ಅಂತಿದೆ.

ನಾನು ಇಲ್ಲಿಗೆ ಬರೋಕೆ ಸರ್ಟಿಫಿಕೇಟ್ ತೋರಿಸಿದೆ, ಟ್ರೇಡ್ ಟೆಸ್ಟ್ ಕೊಟ್ಟೆ. ಆ ಕಾಗದ ಇಲ್ಲದಿದ್ದರೆ ನನ್ನ ಕೈಗೆ ಬೆಲೆ ಇಲ್ಲ. ಅದಕ್ಕೇ ಒಂದು ಮಾತು, ನಿಮ್ಮ ಮನೆಗಳಲ್ಲೂ ಹೊಲಿಯೋರು, ಹೆಣೆಯೋರು, ಚಾಪೆ ಬುಟ್ಟಿ ಮಾಡೋರು ಇರಬಹುದು. ಕೇಂದ್ರ ಸರ್ಕಾರದ ಕರಕುಶಲ ಇಲಾಖೆಯಿಂದ ಪೆಹಚಾನ್ ಅಂತ ಕುಶಲಕರ್ಮಿಗಳ ಗುರುತಿನ ಚೀಟಿ ಸಿಗುತ್ತೆ. ನೇಕಾರರಿಗೆ ಬೇರೆ ಕಾರ್ಡ್ ಇದೆ, ಅದರ ಮೇಲೆ ರಾಜ್ಯದ ನೇಕಾರ ಸಮ್ಮಾನ್ ಹಣ ಬರುತ್ತೆ. ಅಪ್ಪನಿಗೆ ಇತ್ತು. ಅವ್ವನಿಗೆ ಈ ವರ್ಷ ಅರ್ಜಿ ಹಾಕಿಸಿದೆ. ಫಾರಂ ತುಂಬುವಾಗ "ಎಷ್ಟು ವರ್ಷದ ಅನುಭವ" ಅಂತ ಕೇಳಿದ್ದಾರೆ. ಅವ್ವ ಫೋನಿನಲ್ಲಿ ನನ್ನನ್ನೇ ಕೇಳಿದಳು, "ನಿನ್ನ ವಯಸ್ಸೆಷ್ಟೋ? ಅದಕ್ಕ ಹತ್ತು ಕೂಡಿಸಿ ಬರಿ."

ಈಗ ಮನೆಯ ವಿಷಯ. ನಿಮ್ಮಲ್ಲಿ ಅರ್ಧ ಜನ ಊರಲ್ಲಿ ಮನೆ ಕಟ್ಟಿಸ್ತಾ ಇದ್ದೀರಿ, ಅದಕ್ಕೆ ನಿಮ್ಮ ಮುಂದೆ ಹೇಳ್ತೀನಿ. ನಾನೂ ಕಟ್ಟಿಸ್ತಾ ಇದ್ದೀನಿ. ತಮ್ಮನ ಮದುವೆ ಗೊತ್ತಾಗಿದೆ. ಹೆಣ್ಣಿನ ಕಡೆಯವರು ಕೇಳಿದ ಮೊದಲ ಪ್ರಶ್ನೆ, ಬೇರೆ ರೂಮು ಇದೆಯಾ, ಅಟ್ಯಾಚ್ಡ್ ಬಾತ್‌ರೂಮ್ ಇದೆಯಾ. ಕೇಳಿದ್ದರಲ್ಲಿ ತಪ್ಪಿಲ್ಲ, ನಾವೂ ಅಕ್ಕನ ಮದುವೆಯಲ್ಲಿ ಅದನ್ನೇ ಕೇಳಿದ್ವಿ. ಮನೆಯಲ್ಲಿರೋದು ಒಂದೇ ದೊಡ್ಡ ಪಡಸಾಲೆ, ಅದರ ನಡುವೆ ಕುಣಿ. ಮೇಸ್ತ್ರಿ ಹೇಳಿದ್ದು ಸರಳ: ಕುಣಿ ಮುಚ್ಚಿ, ಕಾಂಕ್ರೀಟ್ ಹಾಕಿ, ಟೈಲ್ಸ್ ಹಾಕಿದರೆ ಎರಡು ರೂಮು ಬರ್ತವೆ. ದುಡ್ಡು ಕಳಿಸೋನು ನಾನು, ಅದಕ್ಕೆ ಹೂಂ ಅನ್ನಬೇಕಾದವನೂ ನಾನೇ.

ಅಪ್ಪ ಮುಚ್ಚು ಅಂತಲೇ ಅಂತಾರೆ. "ನನ್ನ ಕೂಡ ಅದೂ ಮುಗೀಲಿ, ನಿಮಗ್ಯಾರಿಗೂ ಬ್ಯಾಡಾಗಿರೋ ಕುಣಿ" ಅಂದರು, ಸಿಟ್ಟಿನಿಂದ ಅಲ್ಲ, ಊಟಕ್ಕೆ ಏನು ಅಂತ ಕೇಳಿದ ಹಾಗೆ. ತಮ್ಮ ಅಂತೂ ಒಂದೇ ಮಾತು, "ನೀ ಸೌದಿಯೊಳಗ ಕುಂತು ಕುಣಿ ಉಳಿಸು ಅಂತಿ, ಅದರಾಗ ಕಾಲ ಇಡಾವ್ರು ಯಾರು? ನೀ ಬಂದು ಇಡ್ತಿ ಏನು?" ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾನು ಇಡೋದಿಲ್ಲ. ಆ ಕೂಲಿಯಲ್ಲಿ ಮಕ್ಕಳನ್ನ ಓದಿಸೋಕಾಗೋದಿಲ್ಲ ಅಂತಲೇ ಅಪ್ಪ ನನ್ನನ್ನ ಐಟಿಐಗೆ ಕಳಿಸಿದ್ದು. ಇತ್ರಾದ ಆ ಅಮ್ಮನಿಗೂ ಕೇಳಿದ್ದೆ, ಮಗಳು ನೇಯ್ತಾಳಾ ಅಂತ. ಮಗಳು ಬ್ಯಾಂಕಿನಲ್ಲಿದ್ದಾಳೆ ಅಂದರು. ಮೊಮ್ಮಗಳು ರಜೆಯಲ್ಲಿ ಬಂದು ಕೂತುಕೊಳ್ತಾಳಂತೆ.

ಅವ್ವ ಏನೂ ಹೇಳಿಲ್ಲ. ಕೇಳಿದರೆ "ಅಪ್ಪ ಏನಂತಾರೋ ಅದು" ಅಂತಾಳೆ. ಆದರೆ ಮೇಸ್ತ್ರಿ ಅಳತೆಗೆ ಬಂದ ದಿನ ಅವಳು ಹೊಸ ಹಾಸು ಹೂಡಿಸಿಬಿಟ್ಟಿದ್ದಳು. ಹಾಸು ಮಗ್ಗದ ಮೇಲಿದ್ದಾಗ ಯಾರೂ ಮಗ್ಗ ಅಲ್ಲಾಡಿಸೋದಿಲ್ಲ, ಅದು ನಮ್ಮಲ್ಲಿ ಪದ್ಧತಿ. ಆ ಸೀರೆ ಮುಗಿದ ವಾರ ಇನ್ನೊಂದು ಹೂಡಿಸಿದಳು. ಸಾಹುಕಾರರ ಹತ್ತಿರ ತಾನೇ ಹೋಗಿ ನೂಲು ತಂದಳಂತೆ, ಮದುವೆಯಾದ ಮೇಲೆ ಇದೇ ಮೊದಲು.

ಇತ್ರಾದಿಂದ ಬಂದ ರಾತ್ರಿ ನಾನು ಮನೆಯ ನಕ್ಷೆ ತೆಗೆದು ಕೂತೆ. ಕಾಗದದ ಮೇಲೆ ನನಗೆ ಬರೋದು ವೈರಿಂಗ್ ಮಾತ್ರ. ಪಡಸಾಲೆ ಹಾಗೇ ಬಿಟ್ಟು ಹಿತ್ತಲ ಕಡೆ ಒಂದು ರೂಮು ಎಳೆದರೆ ಎಷ್ಟಾಗುತ್ತೆ ಅಂತ ನೋಡಿದೆ. ಸ್ಲ್ಯಾಬ್ ಖರ್ಚು ಜಾಸ್ತಿ, ಇನ್ನೂ ಎಂಟೊಂಬತ್ತು ತಿಂಗಳ ಸಂಬಳ, ಅಂದರೆ ಈ ಸಲದ ಒಪ್ಪಂದ ಮುಗಿಸಿ ಊರಿಗೆ ಹೋಗಿಬಿಡೋಣ ಅಂದುಕೊಂಡದ್ದು ಆಗೋದಿಲ್ಲ, ಮತ್ತೊಂದು ಸಲ ಇಕಾಮಾ. ಹೆಂಡತಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಒಂದು ಕುಣಿಗೆ ಒಂದು ವರ್ಷಾನಾ?" ಅಂದಳು. ಅವಳ ಲೆಕ್ಕವೂ ಸರಿ ಇದೆ, ಮಗಳಿಗೆ ಈಗ ಆರು ವರ್ಷ, ಅದರಲ್ಲಿ ನಾನು ಜೊತೆ ಇದ್ದದ್ದು ಐದು ತಿಂಗಳು.

ಇದನ್ನ ನಿಮ್ಮ ಮುಂದೆ ಇಟ್ಟದ್ದು ತೀರ್ಪು ಕೊಡಿ ಅಂತ ಅಲ್ಲ. ಇಲ್ಲಿ ಕೂತವರಲ್ಲಿ ಗದ್ದೆ ಮಾರಿ ಬಂದವರಿದ್ದಾರೆ, ಅಪ್ಪನ ದೋಣಿ ಮಾರಿ ಬಂದವರಿದ್ದಾರೆ, ನಿಮಗೆ ಗೊತ್ತು. ಸದ್ಯಕ್ಕೆ ಮೇಸ್ತ್ರಿಗೆ ಫೆಬ್ರವರಿ ತನಕ ಸಿಮೆಂಟ್ ಇಳಿಸಬೇಡಿ ಅಂದಿದ್ದೀನಿ. ನನ್ನ ರಜೆ ಆಗಲೇ. ಹೋಗೋವಾಗ ಎರಡು ಒಳ್ಳೆ ಎಲ್‌ಇಡಿ ಬ್ಯಾಟನ್ ತಗೊಂಡು ಹೋಗ್ತೀನಿ, ನೆರಳು ಬೀಳದ ಹಾಗೆ ಎಡಕ್ಕೊಂದು ಬಲಕ್ಕೊಂದು. ಮೂವತ್ತು ವರ್ಷದಿಂದ ಅಪ್ಪ ಕೂತದ್ದು ಒಂದೇ ಹಳದಿ ಬಲ್ಬಿನ ಕೆಳಗೆ, ಕಪ್ಪು ಸೀರೆಗೆ ಕಪ್ಪು ಎಳೆ ಹುಡುಕುತ್ತಾ. ಕುಣಿ ಉಳಿದರೂ ಮುಚ್ಚಿದರೂ, ಈಗ ಮಗ್ಗದ ಮೇಲಿರೋ ಸೀರೆಯಂತೂ ಬೆಳಕಲ್ಲಿ ಮುಗಿಯಲಿ.

ಇನ್ನು ಇತ್ರಾಗೆ ಹೋಗೋರಿಗೆ ಎರಡು ಮಾತು. ಶುಕ್ರವಾರ ಬೆಳಿಗ್ಗೆ ಹೋಗಿ ಬಾಗಿಲಲ್ಲಿ ಕಾಯಬೇಡಿ, ಮೊದಲು ಫೋನಿನಲ್ಲಿ ಸಮಯ ನೋಡಿಕೊಳ್ಳಿ. ಪ್ರದರ್ಶನಗಳು ಬದಲಾಗ್ತಾ ಇರ್ತವೆ. ಇಕಾಮಾ ಜೇಬಿನಲ್ಲಿರಲಿ, ಸೇಫ್ಟಿ ಶೂ ಬೇಡ. ಡಿಸೆಂಬರಿನಲ್ಲಿ ನಾವು ಮತ್ತೆ ಹೊರಡ್ತೀವಿ, ಈ ಸಲ ಹೊಫೂಫ್, ಬಿಷ್ತ್ ಹೊಲಿಯೋರ ಅಂಗಡಿ ನೋಡೋಕೆ, ಅಲ್ಲಿನ ಹಳೇ ಖೈಸರಿಯಾ ಸೂಕ್ ಕೂಡ. ಎರಡು ಕಾರು ಗೊತ್ತಾಗಿವೆ, ಮೂರು ಸೀಟು ಖಾಲಿ ಇವೆ. ಬರೋರು ಊಟ ಆದ ಮೇಲೆ ನನ್ನ ಹತ್ತಿರ ಹೆಸರು ಬರೆಸಿ. ಹೆಂಗಸರು ಬರ್ತೀವಿ ಅಂದರೆ ಇನ್ನೊಂದು ಕಾರು ಮಾಡೋಣ.